ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಸೈನಸ್ ಕಾಟ: ಹಬೆಯೋ, ಡ್ರಾಪ್ಸೋ, ಮಾತ್ರೆಯೋ, ಉಪ್ಪುನೀರೋ?

"ಮೊದಲೆಲ್ಲ ನೆಗಡಿ ನಾಲ್ಕು ದಿನಕ್ಕೆ ಹೋಗುತ್ತಿತ್ತು. ಈಗ ಮೂಗು ಕಟ್ಟಿದರೆ ತಿಂಗಳಾದರೂ ಬಿಡುವುದಿಲ್ಲ. ಹಬೆ ತೆಗೆದುಕೊಳ್ಳಲೇ, ಡ್ರಾಪ್ಸ್ ಹಾಕಲೇ, ಮಾತ್ರೆ ನುಂಗಲೇ?" ಬಳ್ಳಾರಿಯ ನಮ್ಮ ಔಷಧ ಅಂಗಡಿಗೆ ಬರುವ 45 ದಾಟಿದ ಹೆಣ್ಣುಮಕ್ಕಳು ಹೆಚ್ಚಾಗಿ ಕೇಳುವುದು ಇದನ್ನೇ. ಮುಟ್ಟು ಏರುಪೇರಾಗಿದೆ, ರಾತ್ರಿ ಮೈ ಕಾದು ಬೆವರುತ್ತದೆ, ನಿದ್ದೆ ಹತ್ತುವುದಿಲ್ಲ ಎಂಬ ಮಾತನ್ನು ಮಾತ್ರ, ಪಕ್ಕದಲ್ಲಿ ಗಂಡಸರು ನಿಂತಿದ್ದಾರೆಂದು ನುಂಗಿಕೊಳ್ಳುತ್ತಾರೆ. ಯಾವ ಔಷಧ ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂದು ತೀರ್ಮಾನವಾಗುವುದೇ ಆ ಮಾತಿನ ಮೇಲೆ. ಕೌಂಟರಿನಲ್ಲಿ ಅತಿ ಸುಲಭವಾಗಿ ಸಿಗುವ ನೆಗಡಿ ಮಾತ್ರೆ ಮತ್ತು ಮೂಗಿನ ಡ್ರಾಪ್ಸ್, ಮನೆಯಲ್ಲಿ ಅತಿ ಸುಲಭವಾದ ಹಬೆ, ಈ ಮೂರೂ ಈ ವಯಸ್ಸಿಗೆ ಎಲ್ಲಕ್ಕಿಂತ ಕಡಿಮೆ ಹೊಂದುವಂಥವು ಎಂಬುದು ನನ್ನ ಖಚಿತ ಅಭಿಪ್ರಾಯ. ಏಕೆಂದು ಒಂದೊಂದಾಗಿ ಹೇಳುತ್ತೇನೆ.

ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವುದು ಸರಾಸರಿ 46–47ನೇ ವಯಸ್ಸಿಗೆ. ಸತತ 12 ತಿಂಗಳು ಮುಟ್ಟಾಗದಿದ್ದರೆ ಋತುಬಂಧವಾಯಿತೆಂದು ವೈದ್ಯರು ಲೆಕ್ಕ ಹಿಡಿಯುತ್ತಾರೆ. ಅದಕ್ಕೂ ಮೊದಲಿನ ಕೆಲವು ವರ್ಷ ಈಸ್ಟ್ರೋಜನ್ ಹಾರ್ಮೋನು ಒಂದೇ ಸಮನೆ ಇಳಿಯುವುದಿಲ್ಲ, ಏರುತ್ತ ಇಳಿಯುತ್ತ ಇರುತ್ತದೆ. ಮೂಗಿನ ಒಳಪದರವನ್ನು ತೇವವಾಗಿಡುವುದರಲ್ಲಿ ಈ ಹಾರ್ಮೋನಿಗೂ ಪಾಲಿದೆ. ಅದು ಏರಿದಾಗ ಪದರ ಊದಿಕೊಂಡು ಮೂಗು ಕಟ್ಟಬಹುದು. ಬಸುರಿಯರಿಗೆ ಮೂಗು ಕಟ್ಟುವುದರ ಹಿಂದೆಯೂ ಹಾರ್ಮೋನುಗಳ ಕೈವಾಡವಿದೆ. ಪೂರ್ತಿ ಇಳಿದ ಮೇಲೆ ಕಣ್ಣು, ಬಾಯಿ ಒಣಗುವಂತೆ ಮೂಗಿನೊಳಗೂ ಪದರ ತೆಳುವಾಗಿ ಒಣಗುತ್ತದೆ. ಸಿಂಬಳ ಗಟ್ಟಿಯಾಗಿ, ಅದನ್ನು ಗಂಟಲಿನತ್ತ ಸಾಗಿಸುವ ಸೂಕ್ಷ್ಮ ರೋಮಗಳು ನಿಧಾನವಾಗುತ್ತವೆ. ಬೆಳಿಗ್ಗೆ ಎದ್ದಕೂಡಲೇ ಗಂಟಲಲ್ಲಿ ಅಂಟಂಟಾದ ಕಫ ಸಿಕ್ಕಿಕೊಂಡು, ಕ್ಯಾಕರಿಸಿದರೂ ಬಾರದೆ ಗೋಳಾಡುವುದು ಇದರಿಂದಲೇ.

ಇದರ ಮೇಲೆ ನಮ್ಮ ಊರುಗಳ ಗಾಳಿ. ಸಂಡೂರು, ತೋರಣಗಲ್ಲು ಕಡೆಯ ಅದಿರಿನ ಕೆಂಪು ಧೂಳು, ಕೊಪ್ಪಳದ ಗಿಣಿಗೇರಾ ಸುತ್ತಲಿನ ಕಾರ್ಖಾನೆಗಳ ಕಪ್ಪು ಮಸಿ, ರಾಯಚೂರಿನ ಶಕ್ತಿನಗರದ ಹಾರುಬೂದಿ, ಗಂಗಾವತಿ–ಸಿಂಧನೂರು–ಸಿರುಗುಪ್ಪದ ಅಕ್ಕಿ ಗಿರಣಿಗಳ ಹೊಟ್ಟು, ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಹಾರಾಡುವ ನೂಲಿನ ಎಳೆ. ಕೊಯ್ಲು ಮುಗಿದ ಮೇಲೆ ಗದ್ದೆಗೆ ಇಡುವ ಬೆಂಕಿಯ ಹೊಗೆ ಬೇರೆ. ತೇವವಿದ್ದ ಮೂಗು ಇದನ್ನೆಲ್ಲ ಹಿಡಿದು ಹೊರಹಾಕುತ್ತಿತ್ತು. ಒಣಗಿದ ಮೂಗಿಗೆ ಆ ಶಕ್ತಿ ಇಲ್ಲ.

ಯಾವ ಅಳತೆಗೋಲಿನಲ್ಲಿ ತೂಗಬೇಕು

ಬೆಲೆಯನ್ನು ಎಲ್ಲರೂ ನೋಡುತ್ತಾರೆ. ಅದಕ್ಕಿಂತ ಮೊದಲು ಕೇಳಬೇಕಾದದ್ದು, ಈ ಉಪಾಯ ಮೂಗಿಗೆ ತೇವ ಕೊಡುತ್ತದೆಯೇ ಅಥವಾ ಇನ್ನಷ್ಟು ಒಣಗಿಸುತ್ತದೆಯೇ ಎಂದು. ಎರಡನೆಯದು ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆ. ಮುಟ್ಟು ನಿಂತ ಮೇಲೆ ಬಿಪಿ ಏರುವವರು ಹೆಚ್ಚು, ಮತ್ತು ಎಷ್ಟೋ ಜನರಿಗೆ ಅದು ತಮಗಿದೆ ಎಂದೇ ತಿಳಿದಿರುವುದಿಲ್ಲ. ಮೂರನೆಯದು ನಿದ್ದೆ, ಮೈಕಾವು, ಮನಸ್ಸಿನ ಸ್ಥಿತಿ: ಮೊದಲೇ ಹದಗೆಟ್ಟಿರುವ ಇವುಗಳನ್ನು ಔಷಧ ಇನ್ನೂ ಕೆಡಿಸಬಾರದು. ನಾಲ್ಕನೆಯದು, ಅದನ್ನು ಎಷ್ಟು ದಿನ ಮುಂದುವರಿಸಬಹುದು. ಈ ಕಾಟ ವಾರದಲ್ಲಿ ಮುಗಿಯುವುದಲ್ಲ. ಮೂರು ದಿನಕ್ಕೆ ಮಾತ್ರ ಸುರಕ್ಷಿತವಾದ ಔಷಧ ಮೂರು ವರ್ಷದ ತೊಂದರೆಗೆ ಉತ್ತರವಾಗಲಾರದು. ಕೊನೆಯದಾಗಿ ಹಣ, ಅದರ ಜೊತೆಗೆ ನೀರು, ಸಮಯ, ಮನೆಯೊಳಗೆ ಹತ್ತು ನಿಮಿಷದ ಬಿಡುವು. ಬೆಳಿಗ್ಗೆ ಐದಕ್ಕೆದ್ದು ರೊಟ್ಟಿ ಬಡಿದು, ಡಬ್ಬಿ ಕಟ್ಟಿ, ಏಳೂವರೆಯ ಬಸ್ ಹಿಡಿಯುವವರಿಗೆ ಇಪ್ಪತ್ತು ನಿಮಿಷದ ಚಿಕಿತ್ಸೆ ಹೇಳಿ ಪ್ರಯೋಜನವಿಲ್ಲ.

ಇದು ನಿಜವಾಗಿ ಸೈನಸ್ಸೇ?

ಇಲ್ಲಿ ಸ್ವಲ್ಪ ನಿಲ್ಲಲೇಬೇಕು, ಏಕೆಂದರೆ ಹೆಚ್ಚಿನ ಹಣ ಪೋಲಾಗುವುದು ಇಲ್ಲೇ. ಹಣೆ ನೋವು, ಕಣ್ಣಿನ ಹಿಂದೆ ಒತ್ತಡ, ಕೆನ್ನೆ ಭಾರ ಎಂದಕೂಡಲೇ ಸೈನಸ್, ಅಂದರೆ ಮುಖದ ಮೂಳೆಗಳೊಳಗಿನ ಗಾಳಿಗೂಡುಗಳ ತೊಂದರೆ, ಎನ್ನುತ್ತೇವೆ. 2004ರಲ್ಲಿ ಅಮೆರಿಕದಲ್ಲಿ, ಸೈನಸ್ ತಲೆನೋವೆಂದು ತಾವೇ ಅಂದುಕೊಂಡಿದ್ದ ಅಥವಾ ವೈದ್ಯರಿಂದ ಹೇಳಿಸಿಕೊಂಡಿದ್ದ ಸುಮಾರು 3,000 ಜನರನ್ನು ಪರೀಕ್ಷಿಸಿದಾಗ, ಶೇ 88ರಷ್ಟು ಜನರ ಲಕ್ಷಣಗಳು ಮೈಗ್ರೇನ್ ಬಗೆಯ ತಲೆನೋವಿನವಾಗಿದ್ದವು. ಮೈಗ್ರೇನ್‌ನಲ್ಲೂ ಮೂಗು ಸೋರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ; ಮೋಸಹೋಗುವುದು ಹಾಗೆ. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಮೈಗ್ರೇನ್ ಹೆಚ್ಚಾಗುವುದು ಸಾಮಾನ್ಯ. ನೋವು ಮಿಡಿಯುತ್ತಿದ್ದರೆ, ವಾಕರಿಕೆ ಬಂದರೆ, ಬೆಳಕು–ಸದ್ದು ಸಹಿಸಲಾಗದಿದ್ದರೆ, ಕತ್ತಲೆ ಕೋಣೆಯಲ್ಲಿ ಮಲಗಿದರೆ ಹಿತವೆನಿಸಿದರೆ ಮೂಗಿನ ಔಷಧಕ್ಕೆ ಹಣ ಹಾಕಬೇಡಿ, ಅದನ್ನೇ ವೈದ್ಯರಿಗೆ ಹೇಳಿ. ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಹೆಚ್ಚು ನೋವಿನ ಮಾತ್ರೆ ನುಂಗುತ್ತಿದ್ದರೆ ಆ ಮಾತ್ರೆಗಳೇ ತಲೆನೋವು ತರಬಲ್ಲವು ಎಂಬುದನ್ನೂ ತಿಳಿದಿರಿ.

ನಿಜವಾದ ಮೂಗಿನ ತೊಂದರೆಯಲ್ಲೂ ಬಗೆಗಳಿವೆ. ಒಳಗೆ ಉರಿ, ಹಕ್ಕಳೆ, ಕೆರೆದರೆ ರಕ್ತದ ಚುಕ್ಕೆ, ಗಂಟಲಲ್ಲಿ ಗಟ್ಟಿ ಕಫ ಇದ್ದರೆ ಅದು ಒಣ ಮೂಗು. ಸಾಲು ಸಾಲು ಸೀನು, ಮೂಗು–ಕಣ್ಣಿನ ತುರಿಕೆ, ನೀರಿನಂತೆ ಸೋರಿಕೆ, ಅದೂ ಮಳೆಗಾಲದಲ್ಲಿ ಕಾಂಗ್ರೆಸ್ ಕಸ ಎನ್ನುವ ಪಾರ್ಥೇನಿಯಂ ಹೂ ಬಿಟ್ಟಾಗ ಅಥವಾ ಹತ್ತಿ, ಮೆಣಸಿನಕಾಯಿ, ಹೊಟ್ಟಿನ ನಡುವೆ ಕೂತಾಗ ಆದರೆ ಅಲರ್ಜಿ. ಸೋಂಕಿನ ಲಕ್ಷಣ ಬೇರೆ: ಕೆನ್ನೆ, ಹಣೆ ಒತ್ತಿದರೆ ನೋವು, ಬಣ್ಣದ ಸಿಂಬಳ, ವಾಸನೆ ತಿಳಿಯದಿರುವುದು. ಇದು 12 ವಾರ ದಾಟಿದರೆ ದೀರ್ಘಕಾಲದ ಸೈನಸೈಟಿಸ್. ಒಂದೇ ಕಡೆಯಿಂದ ದುರ್ವಾಸನೆಯ ಸಿಂಬಳ ಬಂದರೆ ಮೊದಲು ಮೇಲ್ದವಡೆಯ ಹುಳುಕು ಹಲ್ಲನ್ನು ತೋರಿಸಿ. ದವಡೆ ಹಲ್ಲಿನ ಬೇರು ಕೆನ್ನೆಯ ಸೈನಸ್ಸಿಗೆ ತೀರ ಹತ್ತಿರ. ಕೆಲವು ಬಿಪಿ ಮಾತ್ರೆಗಳಿಂದಲೂ, ಥೈರಾಯ್ಡ್ ಕಡಿಮೆಯಾದಾಗಲೂ ಮೂಗು ಕಟ್ಟುತ್ತದೆ. ನಶ್ಯ ಏರಿಸುವ ಅಭ್ಯಾಸವಿರುವ ಹಿರಿಯ ತಾಯಂದಿರಿಗೆ ಅದನ್ನು ಬಿಡುವುದೇ ಮೊದಲ ಚಿಕಿತ್ಸೆ.

ಉಪ್ಪುನೀರು: ಅಗ್ಗ, ಆದರೆ ನೀರಿನ ವಿಷಯದಲ್ಲಿ ರಿಯಾಯಿತಿ ಇಲ್ಲ

ಮೇಲಿನ ಎಲ್ಲ ಅಳತೆಗಳಲ್ಲೂ ಗೆಲ್ಲುವುದು ಇದೊಂದೇ. ಒಣ ಮೂಗಿಗೆ ತೇವ ಕೊಡುತ್ತದೆ, ಅಲರ್ಜಿಯವರಿಗೆ ಧೂಳು ತೊಳೆಯುತ್ತದೆ, ಸೋಂಕಿನವರಿಗೆ ಗಟ್ಟಿ ಸಿಂಬಳ ಸಡಿಲಿಸುತ್ತದೆ. ಬಿಪಿಗೂ ನಿದ್ದೆಗೂ ತೊಂದರೆಯಿಲ್ಲ, ವರ್ಷಗಟ್ಟಲೆ ಮುಂದುವರಿಸಬಹುದು. ಯೋಗ ಕಲಿತವರು ಇದನ್ನೇ ಜಲನೇತಿ ಎಂದು ಮಾಡುತ್ತಾರೆ.

ಅಳತೆ ಸರಿಯಿರಬೇಕು. ಅರ್ಧ ಲೀಟರ್ ನೀರಿಗೆ ಮಟ್ಟಸವಾದ ಒಂದು ಟೀ ಚಮಚ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ. ಉಪ್ಪು ಕಡಿಮೆಯಾದರೆ ಮೂಗು ಚುರುಗುಟ್ಟುತ್ತದೆ, ಹೆಚ್ಚಾದರೆ ಉರಿಯುತ್ತದೆ. "ಒಮ್ಮೆ ಮಾಡಿದೆ, ನನಗಾಗದು" ಎಂದು ಬಿಟ್ಟವರನ್ನು ಕೇಳಿದರೆ ಬಹಳ ಸಲ ಬರಿಯ ನೀರು ಹಾಕಿರುತ್ತಾರೆ. ಅಯೋಡಿನ್ ಇಲ್ಲದ ಉಪ್ಪು ಸಿಕ್ಕರೆ ಒಳ್ಳೆಯದು. ಮಣ್ಣು, ಕಸರು ಇರುವ ಕಲ್ಲುಪ್ಪು ಬೇಡ. ತೊಟ್ಟಿಯ ಮೇಲೆ ಬಾಗಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಬಾಯಿ ತೆರೆದು ಉಸಿರಾಡುತ್ತ ಮೇಲಿನ ಹೊಳ್ಳೆಗೆ ಮೆಲ್ಲಗೆ ಬಿಡಿ. ಕೆಳಗಿನ ಹೊಳ್ಳೆಯಿಂದ ಹೊರಬರುತ್ತದೆ. ಮುಗಿದ ಮೇಲೆ ಬಾಗಿ ನಿಂತು ನೀರು ಇಳಿಯಬಿಡಿ. ಜೋರಾಗಿ ಮೂಗು ಸೀನಿ ಸಿಂಬಳ ತೆಗೆದರೆ ನೀರು ಕಿವಿಗೆ ನುಗ್ಗುತ್ತದೆ. ಮಲಗುವ ಹೊತ್ತಿಗೆ ಮಾಡದೆ ಒಂದು ಗಂಟೆ ಮುಂಚೆ ಮುಗಿಸಿ. ಕಿವಿ ಸೋರುತ್ತಿರುವಾಗ, ಮೂಗು ಎರಡೂ ಕಡೆ ಪೂರ್ತಿ ಬಂದ್ ಆಗಿರುವಾಗ ಬೇಡ.

ಇನ್ನು ನೀರು. ಒಂದು ನಿಮಿಷವಾದರೂ ಕುದಿದು ಉಕ್ಕಿ, ಮುಚ್ಚಿಟ್ಟು ಉಗುರುಬೆಚ್ಚಗಾದ ನೀರನ್ನಲ್ಲದೆ ಬೇರೆಯದನ್ನು ಮೂಗಿಗೆ ಹಾಕಬೇಡಿ. ಕೇರಳದಲ್ಲಿ 2024 ಮತ್ತು 2025ರಲ್ಲಿ ಮಿದುಳಿಗೆ ಏರುವ ಅಮೀಬಾ ಸೋಂಕಿನ ಸಾವುಗಳನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಅಂಥ ಅಮೀಬಾಗಳಲ್ಲೊಂದಾದ ನಿಗ್ಲೇರಿಯಾ ಕುಡಿದ ನೀರಿನಿಂದ ರೋಗ ತರುವುದಿಲ್ಲ, ಮೂಗಿನಿಂದ ಒಳಹೋದರೆ ಮಾತ್ರ ತರುತ್ತದೆ. ಬೆಚ್ಚಗಿನ ಸಿಹಿನೀರು ಅದಕ್ಕೆ ಪ್ರಿಯ. ನಮ್ಮಲ್ಲಿ ತುಂಗಭದ್ರೆಯ ನೀರು ಕಾಲುವೆಯಿಂದ ಕೆರೆಗೆ, ಕೆರೆಯಿಂದ ಟ್ಯಾಂಕಿಗೆ, ದಿನಬಿಟ್ಟು ದಿನ ಮನೆಯ ತೊಟ್ಟಿಗೆ ಬರುತ್ತದೆ. ಕೊಡಕ್ಕೆ ಇಷ್ಟೆಂದು ಹಣ ಕೊಟ್ಟು ತರುವ ಶುದ್ಧ ಕುಡಿಯುವ ನೀರಿನ ಘಟಕದ ನೀರು ಕುಡಿಯಲು ಸರಿ, ಮೂಗಿಗೆ ಅದನ್ನೂ ಕುದಿಸಲೇಬೇಕು. ಗ್ಯಾಸ್ ಉಳಿತಾಯವೆಂದು ಈ ಹೆಜ್ಜೆ ಬಿಡುವವರಿಗೆ ನಾನು ಜಲನೇತಿ ಹೇಳುವುದೇ ಇಲ್ಲ.

ಕುದಿಸಲು ಆಗದವರು ಏನು ಮಾಡಬೇಕು? ಔಷಧ ಅಂಗಡಿಯ ಸಲೈನ್ (ಉಪ್ಪುನೀರಿನ) ಸ್ಪ್ರೇ ಇದೆ. ತೊಳೆಯುವ ಶಕ್ತಿ ಕಡಿಮೆ, ಆದರೆ ಬ್ಯಾಗಿನಲ್ಲಿಟ್ಟುಕೊಂಡು ಕೆಲಸದ ಜಾಗದಲ್ಲೂ ಹಾಕಿಕೊಳ್ಳಬಹುದು. ಒಣ ಮೂಗಿಗೆ ಇದು ಎಷ್ಟೋ ಸಲ ಸಾಕಾಗುತ್ತದೆ. ಪುಡಿಯ ಪೊಟ್ಟಣಗಳೊಂದಿಗೆ ಬರುವ ಒತ್ತುವ ಬಾಟಲಿಯ ಕಿಟ್‌ಗೆ ಕೆಲವು ನೂರು ರೂಪಾಯಿ ಬೀಳುತ್ತದೆ. ಬಾಟಲಿ ಉಳಿಸಿಕೊಂಡು ಮುಂದೆ ಮನೆಯ ಉಪ್ಪನ್ನೇ ಬಳಸಬಹುದು. ಬಾಟಲಿಯನ್ನು ಪ್ರತಿ ಸಲ ತೊಳೆದು ಒಣಗಿಸಬೇಕು.

ಹಬೆ ಮತ್ತು ಮುಲಾಮು

ಹಬೆಯಿಂದ ಹಿತವೆನಿಸುವುದು ನಿಜ. ಆದರೆ ರೋಗ ಬೇಗ ವಾಸಿಯಾಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಅದಕ್ಕಿಂತ ಮುಖ್ಯವಾಗಿ, ತಲೆಯ ಮೇಲೆ ಕಂಬಳಿ ಹೊದ್ದು ಕುದಿಯುವ ಪಾತ್ರೆಗೆ ಮುಖವೊಡ್ಡಿದ ಕ್ಷಣದಲ್ಲಿ ಎದೆಯಿಂದ ಕಾವು ನುಗ್ಗಿ, ಬೆವರು ಕಿತ್ತು, ಕಣ್ಣು ಕತ್ತಲಿಟ್ಟರೆ ಪಾತ್ರೆ ತೊಡೆಯ ಮೇಲೆ ಬೀಳುತ್ತದೆ. ಮೈಕಾವು ಬರುವ ವಯಸ್ಸಿನಲ್ಲಿ ಅದನ್ನು ಕೈಯಾರೆ ಕರೆಯುವುದೇಕೆ? ಚಳಿಗಾಲದ ನೆಗಡಿಗೆ, ಮೈಕಾವಿನ ತೊಂದರೆ ಇಲ್ಲದವರು, ಪಾತ್ರೆಯನ್ನು ಮೇಜಿನ ಮೇಲಿಟ್ಟು ಐದು ನಿಮಿಷ ತೆಗೆದುಕೊಂಡರೆ ಅಡ್ಡಿಯಿಲ್ಲ. ಉಳಿದವರಿಗೆ ಬೆಚ್ಚಗಿನ ಒದ್ದೆ ಬಟ್ಟೆಯನ್ನು ಕೆನ್ನೆ, ಹಣೆಗೆ ಇಟ್ಟುಕೊಳ್ಳುವುದು ಸಾಕು. ಅಮೃತಾಂಜನ, ವಿಕ್ಸ್‌ನಂಥವುಗಳಲ್ಲಿನ ಮೆಂಥಾಲ್ ಮೂಗು ತೆರೆದಂತೆ ಭಾಸ ಕೊಡುತ್ತದೆ, ನಿಜವಾಗಿ ತೆರೆಯುವುದಿಲ್ಲ. ಹಣೆಗೆ ಹಚ್ಚಿ, ಮೂಗಿನೊಳಗೆ ಬೇಡ.

ಖಾರದ ಮಿರ್ಚಿ, ಮೆಣಸಿನ ಕಷಾಯಕ್ಕೂ ಇದೇ ಮಾತು. ಮೂಗು ಸೋರಿ ಗಳಿಗೆ ಹೊತ್ತು ಹಗುರಾಗುತ್ತದೆ. ಕೆಲವರಿಗೆ ಮೈಕಾವು ಶುರುವಾಗುವುದೂ ಅದರಿಂದಲೇ. ಕಷಾಯವನ್ನು ಆರಿಸಿ ಕುಡಿಯಿರಿ.

ಡ್ರಾಪ್ಸ್: ಮೂರು ದಿನದ ಸ್ನೇಹ

ಆಕ್ಸಿಮೆಟಜೋಲಿನ್, ಜೈಲೋಮೆಟಜೋಲಿನ್ ಇರುವ ಡ್ರಾಪ್ಸ್ ಹಾಕಿದ ಹತ್ತು ನಿಮಿಷದಲ್ಲಿ ಮೂಗು ತೆರೆಯುತ್ತದೆ. ವೇಗದಲ್ಲಿ ಇದಕ್ಕೆ ಸಾಟಿಯಿಲ್ಲ, ಬೆಲೆಯೂ ನೂರರ ಆಸುಪಾಸು. ಆದರೆ ಮೂರು ದಿನ, ಹೆಚ್ಚೆಂದರೆ ಐದು ದಿನ ದಾಟಿದರೆ ಔಷಧದ ಪ್ರಭಾವ ಇಳಿದಾಗಲೆಲ್ಲ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟತೊಡಗುತ್ತದೆ. ಮತ್ತೆ ಹಾಕುತ್ತಾರೆ, ಮತ್ತೆ ಕಟ್ಟುತ್ತದೆ. ಸಣ್ಣ ಬಾಟಲಿ ತಲೆದಿಂಬಿನ ಕೆಳಗೆ ಬಂದು ಸೇರುತ್ತದೆ, ಆಮೇಲೆ ಪರ್ಸಿನಲ್ಲೊಂದು, ದೇವರ ಮನೆಯ ಗೂಡಿನಲ್ಲೊಂದು. ಹೀಗೆ ವರ್ಷಗಟ್ಟಲೆ ಬಳಸುವ ಹೆಣ್ಣುಮಕ್ಕಳನ್ನು ನಾನು ಬಲ್ಲೆ. ಅವರಿಗೀಗ ಇರುವುದು ಸೈನಸ್ ಅಲ್ಲ, ಡ್ರಾಪ್ಸಿನ ಕಾಯಿಲೆ. ಒಣ ಮೂಗನ್ನು ಇದು ಇನ್ನಷ್ಟು ಒಣಗಿಸುತ್ತದೆ. ಬಿಪಿ, ಹೃದ್ರೋಗ, ಥೈರಾಯ್ಡ್ ಏರಿಕೆ, ಕಣ್ಣಿನೊಳಗಿನ ಒತ್ತಡ ಏರುವ ಗ್ಲಾಕೋಮಾ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಬಿಡಬೇಕೆಂದಿರುವವರು ಇಎನ್‌ಟಿ ವೈದ್ಯರಿಂದ ಸ್ಟೀರಾಯ್ಡ್ ಸ್ಪ್ರೇ ಬರೆಸಿಕೊಂಡು, ಒಂದು ಹೊಳ್ಳೆಗೆ ಮೊದಲು ನಿಲ್ಲಿಸಿ, ಆ ಕಡೆ ಉಸಿರು ಸಲೀಸಾದ ಮೇಲೆ ಇನ್ನೊಂದಕ್ಕೆ ನಿಲ್ಲಿಸುವ ದಾರಿ ಇದೆ. ಮೊದಲ ವಾರ ಕಷ್ಟ, ಆಮೇಲೆ ದಾರಿ ಸುಗಮ.

ಮಾತ್ರೆಗಳಲ್ಲಿ ಯಾವುದು

ಪ್ಯಾರಾಸಿಟಮಾಲ್, ಫಿನೈಲೆಫ್ರಿನ್, ಕ್ಲೋರ್‌ಫೆನಿರಮೈನ್ ಮೂರೂ ಸೇರಿದ ನೆಗಡಿ ಮಾತ್ರೆ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಹತ್ತಿಪ್ಪತ್ತು ರೂಪಾಯಿ ಚಿಲ್ಲರೆಯಲ್ಲಿ ಕೆಲಸ ಮುಗಿಯುತ್ತದೆ. ಇದರ ಬಗ್ಗೆ ನನ್ನ ತಕರಾರು ಬಲವಾಗಿದೆ. ಬಾಯಿಯ ಮೂಲಕ ನುಂಗಿದ ಫಿನೈಲೆಫ್ರಿನ್ ಮೂಗು ತೆರೆಯುವುದಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ತಜ್ಞರ ಸಮಿತಿ 2023ರಲ್ಲಿ ಹೇಳಿತು. ಕ್ಲೋರ್‌ಫೆನಿರಮೈನ್ ಬಾಯಿ, ಕಣ್ಣು, ಮೂಗು ಎಲ್ಲವನ್ನೂ ಒಣಗಿಸಿ ಮಂಪರು ತರುತ್ತದೆ. "ನಿದ್ದೆಯಾದರೂ ಬರುತ್ತದಲ್ಲ" ಎಂದು ಕೆಲವರು ಕೇಳಿ ಒಯ್ಯುತ್ತಾರೆ. ಆ ನಿದ್ದೆ ಮರುದಿನ ಮಧ್ಯಾಹ್ನದವರೆಗೂ ತಲೆ ಭಾರವಾಗಿಡುತ್ತದೆ. ಮರೆವು, ಮಂಕು ಎಂದು ಮೊದಲೇ ಕೊರಗುತ್ತಿರುವವರಿಗೆ ಇದು ಬೇಡವೇ ಬೇಡ.

ಅಲರ್ಜಿ ಖಚಿತವಾಗಿದ್ದರೆ ಮಾತ್ರ ಅಲರ್ಜಿ ಮಾತ್ರೆ. ಲಿವೋಸೆಟ್ರಿಜಿನ್, ಸೆಟ್ರಿಜಿನ್ ಅತಿ ಅಗ್ಗ, ಜನೌಷಧಿ ಕೇಂದ್ರದಲ್ಲಿ ಇನ್ನೂ ಅಗ್ಗ. ಕೆಲವರಿಗೆ ತೂಕಡಿಕೆ ತರುವುದರಿಂದ ರಾತ್ರಿ ತೆಗೆದುಕೊಳ್ಳಬೇಕು. ಯಂತ್ರದ ಮುಂದೆ ಕೆಲಸ ಮಾಡುವವರಿಗೆ, ಸ್ಕೂಟಿ ಓಡಿಸುವವರಿಗೆ ಫೆಕ್ಸೊಫೆನಡಿನ್ ಮೇಲು. ಬೆಲೆ ಹಲವು ಪಟ್ಟು ಹೆಚ್ಚು, ಆದರೆ ಮಂಪರು ತೀರ ಕಡಿಮೆ. ಸೀನು, ತುರಿಕೆಗೆ ಇವು ಚೆನ್ನ, ಮೂಗು ಕಟ್ಟಿದ್ದಕ್ಕೆ ಅಷ್ಟಕ್ಕಷ್ಟೆ, ಒಣ ಮೂಗಿಗೆ ಏನೂ ಇಲ್ಲ.

ಲಿವೋಸೆಟ್ರಿಜಿನ್ ಜೊತೆ ಮಾಂಟೆಲುಕಾಸ್ಟ್ ಸೇರಿದ ಮಾತ್ರೆಯನ್ನು ನಮ್ಮಲ್ಲಿ ಬಹಳ ಬರೆಯುತ್ತಾರೆ, ಹಳೆಯ ಚೀಟಿ ತೋರಿಸಿ ತಿಂಗಳುಗಟ್ಟಲೆ ಒಯ್ಯುವವರೂ ಬಹಳ. ಮಾಂಟೆಲುಕಾಸ್ಟ್‌ನಿಂದ ಕೆಲವರಲ್ಲಿ ಕೆಟ್ಟ ಕನಸು, ಕಳವಳ, ಖಿನ್ನತೆ, ಆತ್ಮಹತ್ಯೆಯ ಯೋಚನೆಗಳು ಬರಬಹುದೆಂದು ಅಮೆರಿಕದ ಅದೇ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ಮುಟ್ಟು ನಿಲ್ಲುವ ಕಾಲದ ಅಳು, ಸಿಟ್ಟು, ನಿದ್ದೆಗೇಡಿನೊಳಗೆ ಇದು ಬೆರೆತರೆ ಯಾವುದು ಯಾವುದರಿಂದ ಎಂದು ಯಾರಿಗೂ ತಿಳಿಯುವುದಿಲ್ಲ. ಉಬ್ಬಸವಿದ್ದು ವೈದ್ಯರು ಕೊಟ್ಟಿದ್ದರೆ ನೀವಾಗಿ ನಿಲ್ಲಿಸಬೇಡಿ. ಬರೀ ನೆಗಡಿಗೆ ನುಂಗುತ್ತಿದ್ದರೆ, ಅದನ್ನು ಶುರುಮಾಡಿದ ಮೇಲೆ ಮನಸ್ಸು ಬದಲಾಯಿತೇ ಎಂದು ಒಮ್ಮೆ ಯೋಚಿಸಿ ವೈದ್ಯರನ್ನು ಕೇಳಿ.

ಅಜಿಥ್ರೋಮೈಸಿನ್ ಮೂರು ಮಾತ್ರೆ ಕೊಡಿ ಎಂದು ನೇರವಾಗಿ ಕೇಳುತ್ತಾರೆ. ಹೊಸ ಸೈನಸ್ ಸೋಂಕುಗಳಲ್ಲಿ ಬಹುಪಾಲು ವೈರಸ್ಸಿನವು, ಅವಕ್ಕೆ ಆ್ಯಂಟಿಬಯೋಟಿಕ್ ನಾಟುವುದಿಲ್ಲ. ಹತ್ತು ದಿನ ಕಳೆದರೂ ಇಳಿಯದಿದ್ದರೆ, ಅಥವಾ ಇಳಿದಂತಾಗಿ ಮತ್ತೆ ಜ್ವರ, ನೋವು ಏರಿದರೆ ಆಗ ವೈದ್ಯರು ನಿರ್ಧರಿಸಲಿ.

ಸ್ಟೀರಾಯ್ಡ್ ಸ್ಪ್ರೇ: ಹೆಸರಿಗೆ ಹೆದರಬೇಡಿ

ಇಲ್ಲೊಂದು ವಿಚಿತ್ರ ನೋಡಿದ್ದೇನೆ. ಸ್ಪ್ರೇ ಮೇಲೆ ಸ್ಟೀರಾಯ್ಡ್ ಎಂದು ಓದಿ ಬೇಡವೆನ್ನುವವರು, ಹೆಸರು ಹೇಳದೆ ಚುಚ್ಚಿದ ಸ್ಟೀರಾಯ್ಡ್ ಇಂಜೆಕ್ಷನ್‌ಗೆ "ಆ ಸೂಜಿ ಬಹಳ ಚೆನ್ನ" ಎನ್ನುತ್ತಾರೆ. ಮೂಗಿನ ಸ್ಪ್ರೇಯಲ್ಲಿ ಔಷಧ ಇರುವುದು ಮೈಕ್ರೋಗ್ರಾಂ ಲೆಕ್ಕದಲ್ಲಿ, ಮೊಮೆಟಾಸೋನ್, ಫ್ಲುಟಿಕಾಸೋನ್‌ನಂಥವು ರಕ್ತಕ್ಕೆ ಸೇರುವುದು ಅತ್ಯಲ್ಪ. ಮಾತ್ರೆ, ಇಂಜೆಕ್ಷನ್ನಿನ ಸ್ಟೀರಾಯ್ಡ್ ಮೈಯೆಲ್ಲ ಹರಡಿ ಸಕ್ಕರೆ ಏರಿಸುತ್ತದೆ, ಮತ್ತೆ ಮತ್ತೆ ತೆಗೆದುಕೊಂಡರೆ ಮೂಳೆ ಸವೆಸುತ್ತದೆ. ಮುಟ್ಟು ನಿಂತ ಮೇಲಿನ ಮೊದಲ ಕೆಲವು ವರ್ಷಗಳಲ್ಲೇ ಮೂಳೆ ವೇಗವಾಗಿ ಸವೆಯುತ್ತಿರುತ್ತದೆ ಎಂಬುದನ್ನು ನೆನಪಿಡಿ. ಎರಡರಲ್ಲಿ ಹೆದರಬೇಕಾದದ್ದು ಸೂಜಿಗೆ.

ಅಲರ್ಜಿಯ ಮೂಗು ಕಟ್ಟುವಿಕೆಗೂ ದೀರ್ಘಕಾಲದ ಸೈನಸೈಟಿಸ್‌ಗೂ ಎಲ್ಲಕ್ಕಿಂತ ಪರಿಣಾಮಕಾರಿ ಔಷಧ ಈ ಸ್ಪ್ರೇಯೇ. ಬೆಲೆ ಸಾಮಾನ್ಯವಾಗಿ 200ರಿಂದ 500 ರೂಪಾಯಿ, ಒಂದು ಬಾಟಲಿ ತಿಂಗಳ ಆಸುಪಾಸು ಬರುತ್ತದೆ. ತೊಡಕು ಎರಡು. ಒಂದು, ಪೂರ್ತಿ ಫಲ ಕಾಣಲು ಎರಡು ವಾರ ಬೇಕು. ಮೂರನೇ ದಿನಕ್ಕೇ "ಕೆಲಸ ಮಾಡಲಿಲ್ಲ" ಎಂದು ಬಿಟ್ಟುಬಿಡುತ್ತಾರೆ. ಎರಡು, ಒಣ ಮೂಗಿನವರಿಗೆ ರಕ್ತ ಬರಬಹುದು. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ, ಸ್ಪ್ರೇಯ ತುದಿ ಕಣ್ಣಿನ ಕಡೆಗೆ ತಿರುಗಿರುವಂತೆ ಹಿಡಿದರೆ ಔಷಧ ನಡುಗೋಡೆಗೆ ಬಡಿಯುವುದಿಲ್ಲ, ರಕ್ತವೂ ಕಡಿಮೆ. ಉಪ್ಪುನೀರಿನಲ್ಲಿ ತೊಳೆದು ಹತ್ತು ನಿಮಿಷದ ನಂತರ ಹಾಕಿದರೆ ಔಷಧ ಸಿಂಬಳದ ಮೇಲೆ ನಿಲ್ಲದೆ ಪದರಕ್ಕೆ ತಾಗುತ್ತದೆ. ಗ್ಲಾಕೋಮಾ, ಪೊರೆ ಇದ್ದವರು ಕಣ್ಣಿನ ವೈದ್ಯರಿಗೂ ತಿಳಿಸಿ.

ಎಣ್ಣೆ, ತುಪ್ಪ, ಭ್ರಾಮರಿ

ಒಣ ಮೂಗಿಗೆ ಅಜ್ಜಿಯರು ತುಪ್ಪ ಹಚ್ಚುತ್ತಿದ್ದುದರಲ್ಲಿ ಅರ್ಥವಿದೆ. ತೊಳೆದ ಕಿರುಬೆರಳಿನಿಂದ ಹೊಳ್ಳೆಯ ಅಂಚಿಗೆ ತೆಳುವಾಗಿ ಸವರಿದರೆ ಹಕ್ಕಳೆ ಮೆತ್ತಗಾಗುತ್ತದೆ. ಆದರೆ ಮಲಗಿಕೊಂಡು ದಿನವೂ ಎಣ್ಣೆ ಸುರಿದುಕೊಳ್ಳುವುದು ಬೇರೆ ಮಾತು. ಎಣ್ಣೆ ಶ್ವಾಸಕೋಶಕ್ಕೆ ಜಾರಿದರೆ ಅಲ್ಲಿ ಉರಿಯೂತ ತರಬಲ್ಲದು. ಮೂಗಿಗೆ ಔಷಧದ ಎಣ್ಣೆ ಬಿಡುವ ಆಯುರ್ವೇದದ ನಸ್ಯ ಚಿಕಿತ್ಸೆ ಬೇಕೆಂದರೆ ಬಳ್ಳಾರಿಯ ತಾರಾನಾಥ ಸರ್ಕಾರಿ ಆಯುರ್ವೇದ ಕಾಲೇಜಿನಂಥ ಕಡೆ ವೈದ್ಯರ ಕೈಯಲ್ಲೇ ಮಾಡಿಸಿ, ಜ್ವರ, ಹಸಿ ಸೋಂಕು ಇರುವಾಗ ಬೇಡ.

ಭ್ರಾಮರಿ ಪ್ರಾಣಾಯಾಮವನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಬಾಯಿ ಮುಚ್ಚಿ ಗುಂಯ್‌ಗುಡುವಾಗ ಮೂಗಿನಿಂದ ಹೊರಬರುವ ಗಾಳಿಯಲ್ಲಿ ನೈಟ್ರಿಕ್ ಆಕ್ಸೈಡ್ 15 ಪಟ್ಟು ಹೆಚ್ಚುತ್ತದೆಂದು 2002ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದರು. ಸೈನಸ್ಸಿನೊಳಗೆ ಗಾಳಿಯಾಡುತ್ತಿದೆ ಎಂಬುದರ ಗುರುತು ಅದು. ರೋಗ ಪೂರ್ತಿ ಹೋಗದಿರಬಹುದು, ಆದರೆ ಖರ್ಚಿಲ್ಲ, ಕಾಯ ಕಾವೇರುವುದಿಲ್ಲ, ಮನಸ್ಸು ತಣಿಯುತ್ತದೆ. ಬಿಪಿ ಇರುವವರು ಕಪಾಲಭಾತಿಯ ಬದಲು ಇದನ್ನೇ ಆರಿಸಿಕೊಳ್ಳಲಿ.

ಫ್ಯಾನ್, ಕೂಲರ್, ಎಸಿ

ಮಾರ್ಚ್‌ನಿಂದ ಜೂನ್‌ವರೆಗೆ ನಮ್ಮ ಮನೆಗಳಲ್ಲಿ ಔಷಧಕ್ಕಿಂತ ಹೆಚ್ಚು ಕೆಲಸ ಮಾಡುವುದು, ಹೆಚ್ಚು ಹಾಳು ಮಾಡುವುದೂ ಇದೇ. ಕೂಲರ್ ಗಾಳಿಯಲ್ಲಿ ತೇವವಿದೆ, ಮೈಕಾವಿಗೂ ಒಣ ಮೂಗಿಗೂ ಹಿತ, ಎಸಿಗಿಂತ ಕರೆಂಟ್ ಬಿಲ್ ಎಷ್ಟೋ ಕಡಿಮೆ. ಆದರೆ ಕಳೆದ ವರ್ಷದ ಹುಲ್ಲಿನ ಪ್ಯಾಡನ್ನೇ ಮತ್ತೆ ಹಾಕಿದ ಕೂಲರಿನ ಪಕ್ಕದ ಬಾಗಿಲು ತೆಗೆದು ನೋಡಿ: ಹುಲ್ಲು ಕಪ್ಪಾಗಿ ಅಂಟಿಕೊಂಡಿರುತ್ತದೆ, ತಳದ ನೀರಿನ ಮೇಲೆ ಜಿಗುಟು ಪೊರೆ, ಅದರ ಮೇಲೆ ಕೆಂಪು ಧೂಳು. ರಾತ್ರಿಯಿಡೀ ಮುಖಕ್ಕೆ ಬೀಸುವುದು ಅಲ್ಲಿನ ಬೂಷ್ಟು. ಪ್ರತಿ ಬೇಸಿಗೆಗೆ ಹೊಸ ಪ್ಯಾಡ್, ಎರಡು ಮೂರು ದಿನಕ್ಕೊಮ್ಮೆ ನೀರು ಪೂರ್ತಿ ಬದಲು, ಕಿಟಕಿ ಸ್ವಲ್ಪ ತೆರೆದಿಡುವುದು, ಇಷ್ಟು ಮಾಡುವವರಿಗೆ ಕೂಲರ್ ಮೇಲು. ಅಲರ್ಜಿ ತೀವ್ರವಾಗಿದ್ದರೆ, ಹಣಕ್ಕೆ ತೊಂದರೆಯಿಲ್ಲದಿದ್ದರೆ ಎಸಿ ಸರಿ; 26–27 ಡಿಗ್ರಿಗಿಟ್ಟು, ಜಾಲರಿ ತೊಳೆಯುತ್ತ, ಮಲಗುವ ಮೊದಲು ಸಲೈನ್ ಸ್ಪ್ರೇ ಹಾಕಿಕೊಳ್ಳಬೇಕು, ಏಕೆಂದರೆ ಎಸಿ ಒಣಗಿಸುತ್ತದೆ.

ಹಾರ್ಮೋನು ಚಿಕಿತ್ಸೆ

ಮೂಗಿಗಾಗಿಯೇ ಹಾರ್ಮೋನು ಚಿಕಿತ್ಸೆ ತೆಗೆದುಕೊಳ್ಳುವುದು ಸರಿಯಲ್ಲ. ಅದು ಇರುವುದು ತೀವ್ರ ಮೈಕಾವು, ಬೆವರು, ನಿದ್ದೆಗೇಡಿಗೆ. ಸಾಮಾನ್ಯವಾಗಿ 60ರೊಳಗಿನವರಿಗೆ ಅಥವಾ ಮುಟ್ಟು ನಿಂತು ಹತ್ತು ವರ್ಷದೊಳಗಿನವರಿಗೆ ಯೋಚಿಸುತ್ತಾರೆ. ಸ್ತನ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟಿದ ಇತಿಹಾಸವಿರುವವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಆದರೆ ಒಂದು ಗುಂಪಿನವರು ಈ ಪ್ರಶ್ನೆಯನ್ನು ಸ್ತ್ರೀರೋಗ ತಜ್ಞರಲ್ಲಿ ಕೇಳಲೇಬೇಕು. ಮೂವತ್ತೈದು, ನಲವತ್ತಕ್ಕೇ ಗರ್ಭಕೋಶ ತೆಗೆಸಿಕೊಂಡವರು ನಮ್ಮ ಹಳ್ಳಿಗಳಲ್ಲಿ ಕಡಿಮೆಯೇನಿಲ್ಲ. ಜೊತೆಗೆ ಅಂಡಾಶಯವನ್ನೂ ತೆಗೆದಿದ್ದರೆ ಹಾರ್ಮೋನು ಒಂದೇ ದಿನದಲ್ಲಿ ಕುಸಿಯುತ್ತದೆ, ಮೂಗಿನ ಒಣಗುವಿಕೆ ಅದರ ಸಣ್ಣ ಭಾಗ, ಮೂಳೆ ಮತ್ತು ಹೃದಯದ ಪ್ರಶ್ನೆ ದೊಡ್ಡದು. ಆಪರೇಷನ್ನಿನ ಕಾಗದ ಹುಡುಕಿ ತೆಗೆದುಕೊಂಡು ಹೋಗಿ. ಏನೇನು ತೆಗೆದರೆಂದು ಎಷ್ಟೋ ಜನರಿಗೆ ತಿಳಿದೇ ಇರುವುದಿಲ್ಲ.

ಯಾರಿಗೆ ಯಾವುದು

ಜೀನ್ಸ್ ಘಟಕದಲ್ಲಿ, ಅಕ್ಕಿ ಗಿರಣಿಯಲ್ಲಿ ದುಡಿಯುವವರು, ಮೆಣಸಿನಕಾಯಿ ತೊಟ್ಟು ಬಿಡಿಸುವವರು, ಹತ್ತಿ ಬಿಡಿಸುವವರು ಮನೆಗೆ ಬಂದಕೂಡಲೇ ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಮೂಗು ತೊಳೆಯುವುದೇ ಮುಖ್ಯ ಔಷಧ. ಕೆಲಸದ ಹೊತ್ತಿನಲ್ಲಿ ಎನ್95 ಮಾಸ್ಕ್ ಒಳ್ಳೆಯದು, ಮೈಕಾವಿನಲ್ಲಿ ಸಹಿಸಲಾಗದಿದ್ದರೆ ಧೂಳು ಅತಿ ಹೆಚ್ಚಿರುವ ಹೊತ್ತಿಗಾದರೂ ಹಾಕಿಕೊಳ್ಳಿ. ಸೆರಗು ಮುಚ್ಚಿಕೊಂಡರೆ ಸಣ್ಣ ಧೂಳು ನಿಲ್ಲುವುದಿಲ್ಲ. ಸಾಲದಿದ್ದರೆ ರಾತ್ರಿ ಒಂದು ಸೆಟ್ರಿಜಿನ್, ಅದೂ ಸಾಲದಿದ್ದರೆ ಸ್ಟೀರಾಯ್ಡ್ ಸ್ಪ್ರೇ. ಈ ಕ್ರಮದಲ್ಲಿ ಹೋದರೆ ತಿಂಗಳ ಖರ್ಚು ನೂರು ದಾಟುವ ಮುನ್ನವೇ ಬಹಳ ಜನಕ್ಕೆ ಸಾಕಾಗುತ್ತದೆ.

ಬಿಪಿ, ಸಕ್ಕರೆ ಎರಡೂ ಇರುವವರು ಡ್ರಾಪ್ಸ್, ನೆಗಡಿ ಮಾತ್ರೆ, ಸ್ಟೀರಾಯ್ಡ್ ಸೂಜಿ ಮೂರನ್ನೂ ಪಕ್ಕಕ್ಕಿಟ್ಟು ಉಪ್ಪುನೀರು ಮತ್ತು ಮೂಗಿನ ಸ್ಟೀರಾಯ್ಡ್ ಸ್ಪ್ರೇಗೆ ಸೀಮಿತರಾಗಲಿ. ಬರೀ ಒಣ ಮೂಗಿನವರಿಗೆ ಸಲೈನ್ ಸ್ಪ್ರೇ, ಅಂಚಿಗೆ ತುಪ್ಪ, ಸಾಕಷ್ಟು ನೀರು. ಮಾತ್ರೆ ಯಾವುದೂ ಬೇಡ. ಗೊರಕೆ ಹೊಸದಾಗಿ ಶುರುವಾಗಿ, ಎಂಟು ಗಂಟೆ ಮಲಗಿದರೂ ಹಗಲು ತೂಕಡಿಸುವವರು ಮೂಗನ್ನು ಮಾತ್ರ ದೂರಬೇಡಿ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಹೆಚ್ಚುತ್ತದೆ, ಅದಕ್ಕೆ ಬೇರೆ ಪರೀಕ್ಷೆ ಇದೆ.

ಮೂರು ತಿಂಗಳು ಸರಿಯಾಗಿ ತೊಳೆದು, ಸ್ಪ್ರೇ ಹಾಕಿದರೂ ಜಗ್ಗದಿದ್ದರೆ ಎಂಡೋಸ್ಕೋಪಿ, ಸಿ.ಟಿ. ಸ್ಕ್ಯಾನ್, ಪಾಲಿಪ್ (ಮೂಗಿನೊಳಗೆ ಬೆಳೆಯುವ ಮೆತ್ತನೆಯ ಗಂಟು) ಇದ್ದರೆ ಆಪರೇಷನ್ನಿನ ಮಾತು ಬರುತ್ತದೆ. ಜನ ಈಗಲೂ ವಿಮ್ಸ್ ಎನ್ನುವ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಮೂರರಲ್ಲೂ ಇಎನ್‌ಟಿ ವಿಭಾಗಗಳಿವೆ. ಖಾಸಗಿಗೆ ಹೋಗುವ ಮುನ್ನ ಅಲ್ಲಿ ತೋರಿಸಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಂತೆ ವರ್ಷಕ್ಕೆ 1.5 ಲಕ್ಷದವರೆಗೆ ನೆರವಿದೆ. ನಿಮಗೆ ಹೇಳಿದ ಆಪರೇಷನ್ ಪಟ್ಟಿಯಲ್ಲಿದೆಯೇ, ರೆಫರಲ್ ಚೀಟಿ ಬೇಕೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿ. ಆಪರೇಷನ್ ಆದ ಮೇಲೂ ಉಪ್ಪುನೀರು ಬಿಡುವಂತಿಲ್ಲ.

ಕೆಲವು ಲಕ್ಷಣಗಳಿಗೆ ಮಾತ್ರ ಹೋಲಿಕೆ, ಆಯ್ಕೆ ಯಾವುದೂ ಇಲ್ಲ: ಕಣ್ಣಿನ ಸುತ್ತ ಊತ ಅಥವಾ ಕೆಂಪು, ವಸ್ತು ಎರಡಾಗಿ ಕಾಣುವುದು, ಕುತ್ತಿಗೆ ಬಿಗಿದು ಜ್ವರ, ಹಿಂದೆಂದೂ ಕಾಣದಷ್ಟು ಜೋರಾದ ತಲೆನೋವು, ಒಂದೇ ಹೊಳ್ಳೆಯಿಂದ ಮತ್ತೆ ಮತ್ತೆ ರಕ್ತ. ಸಕ್ಕರೆ ಕಾಯಿಲೆಯವರಿಗೆ ಕೆನ್ನೆ ಜೋಮು ಹಿಡಿದರೆ, ಮೂಗಿನಲ್ಲಿ ಅಥವಾ ಬಾಯಿಯ ಅಂಗುಳದಲ್ಲಿ ಕಪ್ಪು ಹಕ್ಕಳೆ ಕಂಡರೆ ಅದು 2021ರಲ್ಲಿ ಕೋವಿಡ್ ಬೆನ್ನಿಗೆ ಬಂದ ಕಪ್ಪು ಶಿಲೀಂಧ್ರವಿರಬಹುದು. ಬೆಳಗಾಗಲಿ ಎನ್ನದೆ ಆ ರಾತ್ರಿಯೇ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೊರಡಿ.